ಎರಡಾಣೆಯಿಂದ ಶುರು ಮಾಡಿ: ಕರಾವಳಿಯ ಮಳೆಗಾಲವನ್ನೂ ದಾಟಿ ಉಳಿಯುವ ಅಭ್ಯಾಸ ಕಟ್ಟುವುದು ಹೇಗೆ?

1928ರಲ್ಲಿ ಉಡುಪಿಯ ಬ್ಯಾಂಕೊಂದು ಜನರ ಮುಂದೆ ಒಂದು ವಿಚಿತ್ರ ಕೋರಿಕೆ ಇಟ್ಟಿತು. ದಿನಕ್ಕೆ ಎರಡಾಣೆ ಕೊಡಿ, ಸಾಕು. ನೀವು ಬ್ಯಾಂಕಿನವರೆಗೆ ಬರುವುದೂ ಬೇಡ, ನಮ್ಮವರೇ ನಿಮ್ಮ ಬಾಗಿಲಿಗೆ ಬರುತ್ತಾರೆ. ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಕಟ್ಟಿದ ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋದರೂ ಪಿಗ್ಮಿ ಎಂದು ಹೆಸರಾದ ಆ ದಿನದಿನದ ಉಳಿತಾಯ ಯೋಜನೆ ಹೋಗಲಿಲ್ಲ. ಮಂಗಳೂರಿನ ಕಾರ್‌ಸ್ಟ್ರೀಟಿನ ಯಾವುದಾದರೂ ಅಂಗಡಿಯಲ್ಲಿ ಅರ್ಧ ದಿನ ಕುಳಿತು ನೋಡಿ. ಸಹಕಾರಿ ಸಂಘದ ಪಿಗ್ಮಿ ಸಂಗ್ರಾಹಕರು ಬರುತ್ತಾರೆ, ಐವತ್ತೋ ನೂರೋ ಪಡೆದು ಪುಟ್ಟ ಯಂತ್ರದಿಂದ ಚೀಟಿ ಹರಿದು ಕೊಡುತ್ತಾರೆ, ಪಕ್ಕದ ಅಂಗಡಿಗೆ ನಡೆಯುತ್ತಾರೆ.

ಆ ಯೋಜನೆಯಲ್ಲಿ ಉಪದೇಶವೇ ಇಲ್ಲ ಎಂಬುದು ನನಗೆ ಇಷ್ಟ. ದುಡ್ಡು ಕೂಡಿಡುವ ಛಲ ನಿಮ್ಮಲ್ಲಿದೆಯೇ ಎಂದು ಅದು ಕೇಳುವುದಿಲ್ಲ. ಮೊತ್ತ ಚಿಕ್ಕದು, ಬರುವ ಹೊತ್ತು ಗೊತ್ತಿರುವಂಥದ್ದು, ಕೊಡುವ ಕೆಲಸ ಕುಳಿತಲ್ಲೇ ಮುಗಿಯುತ್ತದೆ, ಕೊಟ್ಟದ್ದಕ್ಕೆ ಆಗಲೇ ಗುರುತು ಸಿಗುತ್ತದೆ. ಬೆಳಗಿನ ನಡಿಗೆ, ಓದು, ಹೊತ್ತಿಗೆ ಸರಿಯಾಗಿ ಮಾತ್ರೆ, ರಾತ್ರಿ ಬೇಗ ಮಲಗುವುದು, ಏನನ್ನೇ ರೂಢಿಸಿಕೊಳ್ಳಬೇಕಾದರೂ ಬೇಕಾಗುವುದು ಇಂಥದ್ದೇ ಏರ್ಪಾಡು. ಛಲವೊಂದನ್ನೇ ನಂಬಿದವರು ಸಾಮಾನ್ಯವಾಗಿ ಫೆಬ್ರವರಿ ದಾಟುವುದಿಲ್ಲ. ದಾಟಿದವರನ್ನು ಜೂನ್ ತಿಂಗಳ ಮಳೆ ವಿಚಾರಿಸಿಕೊಳ್ಳುತ್ತದೆ.

ಮೊದಲು, ಇದು ಎಷ್ಟು ದಿನದ ಕೆಲಸ ಎಂಬುದು ಗೊತ್ತಿರಲಿ

ಬೀಡಿ ಕಟ್ಟುವ ಹೆಂಗಸರನ್ನು ಹತ್ತಿರದಿಂದ ನೋಡಿ. ತೊಡೆಯ ಮೇಲೆ ಮೊರ, ಅದರಲ್ಲಿ ಅಳತೆಗೆ ಕತ್ತರಿಸಿದ ಎಲೆ, ಒಂದು ಬದಿಗೆ ಹೊಗೆಸೊಪ್ಪಿನ ಹುಡಿ, ಇನ್ನೊಂದು ಬದಿಗೆ ನೂಲು. ಎಲೆ ಎತ್ತಿ, ಚಿಟಿಕೆ ಹುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಮುಗಿಸುವವರೆಗೆ ಕಣ್ಣು ಟಿ.ವಿ. ಧಾರಾವಾಹಿಯ ಮೇಲಿರುತ್ತದೆ, ಬಾಯಿ ಪಕ್ಕದ ಮನೆಯ ಮದುವೆಯ ಸುದ್ದಿಯಲ್ಲಿರುತ್ತದೆ. ಕಲಿಯಲು ಕುಳಿತ ಹೊಸತರಲ್ಲಿ ಅದೇ ಕೈಗೆ ಒಂದೊಂದು ಮಡಿಕೆಯೂ ಯೋಚನೆಯ ಕೆಲಸವಾಗಿತ್ತು. ಯೋಚನೆ ಕಳಚಿಬಿದ್ದು ಕೆಲಸ ಮಾತ್ರ ಉಳಿದಾಗ ಅದು ಅಭ್ಯಾಸ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಬಿಡಿಬಿಡಿ ಚಲನೆಗಳನ್ನು ಸೇರಿಸಿ ಒಂದೇ ಕಂತೆಯಾಗಿ ಕಟ್ಟಿಡುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯ ಆ್ಯನ್ ಗ್ರೇಬಿಯೆಲ್ ಅವರ ಪ್ರಯೋಗಾಲಯ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದೆ. ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ದಿನಚರಿ ಅಧ್ಯಯನದಲ್ಲಿ, ಜನರು ದಿನವಿಡೀ ಮಾಡಿದ ಕೆಲಸಗಳ ಪೈಕಿ ಸುಮಾರು ಶೇ. 43ರಷ್ಟು ಹೆಚ್ಚುಕಡಿಮೆ ದಿನಾ, ಅದೇ ಸನ್ನಿವೇಶದಲ್ಲಿ ಮರುಕಳಿಸುವಂಥವೇ ಆಗಿದ್ದವು.

ಆ ಸ್ಥಿತಿಗೆ ಬರಲು ‘ಇಪ್ಪತ್ತೊಂದು ದಿನ ಸಾಕು’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಎಂದರೂ ಮೂರು ವಾರ ಬೇಕಾಗುತ್ತದೆ ಎಂದು ಅವರು 1960ರಲ್ಲಿ ಬರೆದರು. ‘ಕಡಿಮೆ ಎಂದರೂ’ ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು, ಮುಖದ ಮಾತು ಮುಂಜಾನೆಯ ವ್ಯಾಯಾಮದ ಮಾತಾಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು. 96 ಜನ ಹನ್ನೆರಡು ವಾರ ತಮ್ಮ ಆಯ್ಕೆಯ ಒಂದು ಸಣ್ಣ ಕೆಲಸವನ್ನು ದಿನಾ ಮಾಡಿ ವರದಿ ಕೊಟ್ಟರು. ಕೆಲಸ ತಾನಾಗಿ ನಡೆಯುವ ಹಂತ ತಲುಪಲು ಬೇಕಾದ ಅವಧಿಯ ಮಧ್ಯಾಂಕ 66 ದಿನ. ಬೇಗದವರಿಗೆ 18, ತಡದವರ ಲೆಕ್ಕ, ಹನ್ನೆರಡು ವಾರದ ವರದಿಯನ್ನು ಮುಂದುವರಿಸಿ ಅಂದಾಜಿಸಿದಾಗ, 254 ದಿನದವರೆಗೂ ಹೋಯಿತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕು. ಹಾಗಾಗಿ ಮೂರನೆಯ ವಾರಕ್ಕೂ ಬೆಳಗಿನ ನಡಿಗೆ ಬೇಸರ ತರಿಸುತ್ತಿದ್ದರೆ ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ.

ಹೆಜ್ಜೆ 1: ಒಂದನ್ನೇ ಹಿಡಿಯಿರಿ

‘ಇನ್ನು ಮುಂದೆ ಆರೋಗ್ಯ ನೋಡಿಕೊಳ್ಳಬೇಕು’ ಎಂಬುದು ಆಸೆ. ‘ರಾತ್ರಿ ಊಟದ ಬಟ್ಟಲು ತೊಳೆದಿಟ್ಟ ಮೇಲೆ ಹಲ್ಲುಜ್ಜುತ್ತೇನೆ’ ಎಂಬುದು ಅಭ್ಯಾಸವಾಗಬಲ್ಲ ಕೆಲಸ. ಪಕ್ಕದ ಮನೆಯವರು ಕಂಡು ‘ಹೌದು, ಇವರು ಮಾಡಿದರು’ ಎಂದು ಸಾಕ್ಷಿ ಹೇಳುವಂತಿದ್ದರೆ ಕೆಲಸ ಸ್ಪಷ್ಟವಾಗಿದೆ ಎಂದರ್ಥ. ಒಂದು ಕೂರುವ ಮೊದಲು ಎರಡನೆಯದಕ್ಕೆ ಕೈ ಹಾಕಬೇಡಿ. ಏಪ್ರಿಲ್ ನಡುವಿನ ಬಿಸು, ಅಂದರೆ ತುಳುವರ ಹೊಸವರ್ಷದ ದಿನ ಐದು ಸಂಕಲ್ಪ ಮಾಡಿದವರಿಗೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಐದರಲ್ಲಿ ಒಂದೂ ನೆನಪಿರುವುದಿಲ್ಲ.

ಹೆಜ್ಜೆ 2: ಗಡಿಯಾರಕ್ಕಲ್ಲ, ಘಟನೆಗೆ ಕಟ್ಟಿ

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಮುಕ್ಕಾಲು ಪಾಲು ಇರುವುದು ಈ ಹೆಜ್ಜೆಯಲ್ಲೇ. ಆದ್ದರಿಂದ ಇಲ್ಲಿ ತುಸು ನಿಲ್ಲೋಣ.

ಅಂಬಲಪಾಡಿಯಲ್ಲಿರುವ ನನ್ನ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕೆಂದು ವೈದ್ಯರು ಹೇಳಿದ್ದರು. ಐದೂವರೆಗೆ ಅಲಾರಾಂ ಇಟ್ಟರು, ಅದು ಹೊಡೆದುಕೊಂಡಾಗಲೆಲ್ಲ ದೊಡ್ಡಮ್ಮನಿಗೆ ಎಚ್ಚರವಾಯಿತೇ ಹೊರತು ಅವರಿಗೆ ಆಗಲಿಲ್ಲ.

“ನಾಳೆಯಿಂದ ಐದು ಗಂಟೆಗೇ ಇಡುತ್ತೇನೆ ಮಾರಾಯ” ಎಂದರು.

“ಅಲಾರಾಂ ಇರಲಿ ದೊಡ್ಡಪ್ಪ, ನೀವು ಒಂದು ದಿನವೂ ತಪ್ಪದೆ ಮನೆಯಿಂದ ಹೊರಗೆ ಬರುವುದು ಯಾವಾಗ?”

“ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಲಿಕ್ಕೆ. ಅದು ತಪ್ಪಿದರೆ ಸೊಸೆ ಬಿಡುತ್ತಾಳೆಯೇ?”

ಅಲ್ಲಿಗೆ ಕೊಂಡಿ ಸಿಕ್ಕಿತು. ಮೊಮ್ಮಗಳು ವ್ಯಾನು ಹತ್ತಿದ ಮೇಲೆ ಗೇಟಿನೊಳಗೆ ಕಾಲಿಡದೆ ಹಾಗೆಯೇ ಮುಂದಕ್ಕೆ ನಡೆಯುವುದು. ಆದರೂ ಮೊದಮೊದಲು ಅವರು ಗೇಟಿನಿಂದ ಹಿಂದೆ ಬರುತ್ತಿದ್ದರು. ಕಾರಣ ವಿಚಾರಿಸಿದರೆ ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ. ಬೂಟು ಹಾಕಲು ಒಳಗೆ ಬಂದರೆ ಮೇಜಿನ ಮೇಲೆ ಪತ್ರಿಕೆ, ಪತ್ರಿಕೆಯ ಪಕ್ಕದಲ್ಲಿ ಚಹಾ, ಅಲ್ಲಿಗೆ ಆ ದಿನದ ನಡಿಗೆಗೆ ಮಂಗಳ. ಮಗುವಿನ ಬೂಟಿನ ಪಕ್ಕದಲ್ಲೇ ಅವರ ಬೂಟನ್ನೂ ಇಟ್ಟು, ಇಬ್ಬರೂ ಒಟ್ಟಿಗೇ ಹಾಕಿಕೊಳ್ಳುವುದೆಂದು ಮಾಡಿದ ಮೇಲೆ ಕೆಲಸ ಸಲೀಸಾಯಿತು. ಈಗ ಅವರು ಮರೆತರೂ ಮೊಮ್ಮಗಳು ಮರೆಯುವುದಿಲ್ಲ.

ಹೀಗೆ ‘ಇದು ಆದಾಗ ಅದನ್ನು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದರ ಬಲವನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರ ತಮ್ಮ ಲೇಖನದಲ್ಲಿ ವಿವರಿಸಿದರು. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ ಇಂಥ 94 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಬರಿಯ ಸಂಕಲ್ಪಕ್ಕಿಂತ ಈ ಬಗೆಯ ನಿಶ್ಚಯ ಚೆನ್ನಾಗಿ ಕೆಲಸ ಮಾಡಿದ್ದು ಕಂಡುಬಂತು. ಯಾವಾಗ, ಎಲ್ಲಿ ಎಂಬ ತೀರ್ಮಾನ ಮೊದಲೇ ಆಗಿರುವುದರಿಂದ ಆ ಕ್ಷಣದಲ್ಲಿ ಮನಸ್ಸಿನೊಂದಿಗೆ ವಾದಕ್ಕೆ ಇಳಿಯಬೇಕಾಗಿಲ್ಲ. ಬೆಳಗಿನ ಹೊತ್ತಿನ ವಾದದಲ್ಲಿ ಹಾಸಿಗೆಯೇ ಗೆಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ.

ನಿಮ್ಮ ಕೊಂಡಿಯನ್ನು ಹುಡುಕಲು ಒಂದು ಇಡೀ ದಿನ ನಿಮ್ಮನ್ನು ನೀವೇ ಗಮನಿಸಿ. ಹಲ್ಲುಜ್ಜುವುದು, ಒಲೆ ಆರಿಸುವುದು, ಮುಸ್ಸಂಜೆ ದೇವರಿಗೆ ದೀಪ ಹಚ್ಚುವುದು, ಬಸ್ಸಿನಲ್ಲಿ ಸೀಟು ಹಿಡಿಯುವುದು, ಕಚೇರಿಯಲ್ಲಿ ಹಾಜರಿ ಹಾಕುವುದು, ರಾತ್ರಿ ಬಾಗಿಲ ಚಿಲಕ ಹಾಕುವುದು. ಇವೆಲ್ಲ ಆರೋಗ್ಯ ಕೆಟ್ಟರೂ ಮನಸ್ಸು ಕೆಟ್ಟರೂ ಹೆಚ್ಚುಕಡಿಮೆ ನಡೆಯುವ ಕೆಲಸಗಳು. ಕೊಂಡಿಯಾಗಲು ಎರಡು ಯೋಗ್ಯತೆ ಬೇಕು. ಅದು ದಿನಾ ನಡೆಯಬೇಕು, ಮತ್ತು ಅದಕ್ಕೆ ಖಚಿತವಾದ ಕೊನೆ ಇರಬೇಕು. ‘ಊಟದ ನಂತರ’ ಎಂಬುದು ಹಿಡಿತಕ್ಕೆ ಸಿಗದ ಹೊತ್ತು. ‘ಕೈ ತೊಳೆದು ಟವೆಲಿಗೆ ಒರಸಿದ ಕೂಡಲೇ’ ಎಂಬುದು ಗಟ್ಟಿ. ಹಲ್ಲುಜ್ಜುವ ಬ್ರಷ್ಷಿನ ಲೋಟದ ಪಕ್ಕದಲ್ಲಿ ರಕ್ತದೊತ್ತಡದ ಮಾತ್ರೆ ಇಟ್ಟವರು ಮಾತ್ರೆ ಮರೆಯುವುದು ಕಡಿಮೆ. ದೀಪ ಹಚ್ಚಿ ಬತ್ತಿ ಸರಿಮಾಡಿದ ಕೂಡಲೇ ಮಕ್ಕಳೊಂದಿಗೆ ಚಾಪೆಯ ಮೇಲೆ ಕುಳಿತು ಹತ್ತು ನಿಮಿಷ ಓದುವ ಮನೆಯಲ್ಲಿ ‘ಓದಲು ಕುಳಿತುಕೋ’ ಎಂಬ ಗದರಿಕೆ ಬೇಕಾಗುವುದಿಲ್ಲ. ಹಳಬರು ಇದನ್ನು ಯಾವ ಸಂಶೋಧನೆಯೂ ಇಲ್ಲದೆ ನಡೆಸಿದ್ದರು. ದೀಪ, ಭಜನೆ, ಮಗ್ಗಿ, ಊಟ ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡೇ ಬರುತ್ತಿದ್ದವು.

ಸರದಿ ಪಾಳಿಯಲ್ಲಿ ದುಡಿಯುವವರಿಗೆ, ಅಂದರೆ ಆಸ್ಪತ್ರೆಯ ದಾದಿಯರಿಗೆ, ಬಂದರಿನ ಕೆಲಸಗಾರರಿಗೆ, ಬಸ್ಸಿನ ನಿರ್ವಾಹಕರಿಗೆ, ಗಡಿಯಾರದ ಹೊತ್ತು ಹೇಳಿ ಪ್ರಯೋಜನವೇ ಇಲ್ಲ. ‘ಸಮವಸ್ತ್ರ ಕಳಚಿದ ಮೇಲೆ’ ಎಂಬ ಕೊಂಡಿ ಅವರಿಗೆ ಯಾವ ಪಾಳಿಯಲ್ಲೂ ನಡೆಯುತ್ತದೆ.

ಹೆಜ್ಜೆ 3: ಎರಡಾಣೆಯಷ್ಟೇ ಇರಲಿ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ. ಅದು ತಲುಪಬೇಕಾದ ಊರು. ಮೊದಲ ದಿನವೇ ಕದ್ರಿ ಗುಡ್ಡೆ ಹತ್ತಿ ಇಳಿದು ಮರುದಿನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕುಳಿತರೆ ಊರು ಮತ್ತಷ್ಟು ದೂರವಾಗುತ್ತದೆ.

ಗಾತ್ರ ಗೊತ್ತು ಮಾಡಲು ನಿಮ್ಮ ಅತ್ಯಂತ ಕೆಟ್ಟ ದಿನವನ್ನು ನೆನೆಸಿಕೊಳ್ಳಿ. ತಲೆನೋವು, ಮನೆಗೆ ನೆಂಟರು, ವಿದ್ಯುತ್ ಇಲ್ಲ, ಬಾಸ್ ಬೈದಿದ್ದಾರೆ. ಅಂದೂ ಮಾಡಬಹುದಾದಷ್ಟು ಎಷ್ಟೋ ಅಷ್ಟೇ ನಿಮ್ಮ ಎರಡಾಣೆ. ನಡಿಗೆಯಾದರೆ ರಸ್ತೆಯ ತಿರುವಿನವರೆಗೆ ಹೋಗಿ ಬರುವುದು. ಓದಾದರೆ ಒಂದು ಪುಟ. ಪ್ರಾಣಾಯಾಮವಾದರೆ ಐದು ಉಸಿರು. ತರಕಾರಿ ತಿನ್ನುವ ಅಭ್ಯಾಸವಾದರೆ ಅನ್ನ ಬಡಿಸಿಕೊಳ್ಳುವ ಮೊದಲು ನಾಲ್ಕು ತುಂಡು ಮುಳ್ಳುಸೌತೆ. ಉಳಿತಾಯವಾದರೆ ನಿಜವಾಗಿಯೂ ಪಿಗ್ಮಿ.

ಇಷ್ಟು ಚಿಕ್ಕದನ್ನು ಮಾಡಿ ಏನು ಸಿಕ್ಕೀತು ಎಂದು ಕೇಳುವವರಿದ್ದಾರೆ. ಒಂದು ಪುಟ ಓದಿದ್ದರಿಂದ ಪಾಂಡಿತ್ಯ ಬರುವುದಿಲ್ಲ, ನಿಜ. ಈ ಹಂತದಲ್ಲಿ ನೀವು ಕಟ್ಟುತ್ತಿರುವುದು ಪುಸ್ತಕ ತೆರೆಯುವ ರೂಢಿಯನ್ನು. ತೆರೆದ ಮೇಲೆ ಹೆಚ್ಚು ಓದಬಾರದೆಂದು ಯಾರೂ ತಡೆಯುವುದಿಲ್ಲ. ಹೆಚ್ಚು ಓದಲೇಬೇಕೆಂಬ ಕಟ್ಟಳೆಯನ್ನು ಮಾತ್ರ ಹಾಕಿಕೊಳ್ಳಬೇಡಿ.

ಹೆಜ್ಜೆ 4: ಮನೆಯನ್ನು ನಿಮ್ಮ ಪರವಾಗಿ ನಿಲ್ಲಿಸಿ

ಪಾಪ್‌ಕಾರ್ನ್‌ನ ಒಂದು ಪ್ರಯೋಗವಿದೆ, ಡೇವಿಡ್ ನೀಲ್ ಮತ್ತು ವೆಂಡಿ ವುಡ್ ಅವರ ತಂಡ 2011ರಲ್ಲಿ ಪ್ರಕಟಿಸಿದ್ದು. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗಷ್ಟೇ ಮಾಡಿದ ಪಾಪ್‌ಕಾರ್ನ್, ಕೆಲವರಿಗೆ ವಾರದ ಹಿಂದಿನ ಮೆತ್ತಗಾದ ಸರಕು. ಚಿತ್ರಮಂದಿರದಲ್ಲಿ ತಿನ್ನುವ ಅಭ್ಯಾಸ ಬಲವಾಗಿದ್ದವರು ಹಳಸಲನ್ನೂ ತಾಜಾದಷ್ಟೇ ತಿಂದರು. ರುಚಿ ಇಲ್ಲ ಎಂದು ಅವರಿಗೆ ಗೊತ್ತಿತ್ತು, ಕೈ ನಿಲ್ಲಲಿಲ್ಲ. ಅಂಥವರನ್ನೇ ಸಭಾಕೊಠಡಿಯಲ್ಲಿ ಕೂರಿಸಿ ಸಂಗೀತದ ವಿಡಿಯೋ ತೋರಿಸಿದಾಗ ಹಳಸಲನ್ನು ಕಡಿಮೆ ತಿಂದರು. ಹಸಿವಿಗಿಂತ, ರುಚಿಗಿಂತ ಕುಳಿತ ಜಾಗವೇ ಕೈಯನ್ನು ಆಡಿಸುತ್ತಿತ್ತು.

ಸಂಜೆ ಐದಕ್ಕೆ ಕ್ಯಾಂಟೀನಿನಿಂದ ಗೋಳಿಬಜೆಯ ಪರಿಮಳ ಬಂದಾಗ ನಮಗೆ ಆಗುವುದೂ ಇದೇ. ಹಾಗಾಗಿ ಮನಸ್ಸನ್ನು ತಿದ್ದುವ ಮೊದಲು ಮನೆಯನ್ನು ತಿದ್ದಿ. ಮಾಡಬೇಕಾದದ್ದು ಕಣ್ಣಿಗೆ ಬೀಳಬೇಕು, ಕೈಗೆ ಎಟುಕಬೇಕು. ಪುಸ್ತಕ ಕಪಾಟಿನಲ್ಲಿದ್ದರೆ ಧೂಳು ಹಿಡಿಯುತ್ತದೆ, ದಿಂಬಿನ ಮೇಲಿದ್ದರೆ ಎತ್ತಿಡಲಿಕ್ಕಾದರೂ ಮುಟ್ಟಬೇಕಾಗುತ್ತದೆ. ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬಾಳೆಹಣ್ಣಿನ ಚಿಪ್ಪನ್ನು ಊಟದ ಮೇಜಿನ ಮೇಲಿಡಿ. ಮೊಬೈಲ್ ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಚಾವಡಿಗೆ ಹಾಕಿ. ಬೆಳಗ್ಗೆ ಎಬ್ಬಿಸುವವರು ಯಾರು ಎಂದು ಕೇಳಬೇಡಿ, ಮೇಜಿನ ಮೇಲಿಡುವ ಅಲಾರಾಂ ಗಡಿಯಾರ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ನಿದ್ದೆಯ ವಿಷಯದಲ್ಲಿ ಇದಕ್ಕಿಂತ ಅಗ್ಗದ ಚಿಕಿತ್ಸೆ ನನಗೆ ಕಂಡಿಲ್ಲ.

ಮಾಡಲು ಬೇಸರವಾದದ್ದನ್ನು ಇಷ್ಟವಾದದ್ದರ ಜೊತೆ ಜೋಡಿಸುವುದೂ ಒಂದು ಉಪಾಯ. ತಾಳಮದ್ದಳೆಯ ಧ್ವನಿಮುದ್ರಣವನ್ನು ನಡೆಯುವಾಗ ಮಾತ್ರ ಕೇಳುವುದೆಂದು ಗೊತ್ತು ಮಾಡಿಕೊಳ್ಳಿ. ಕೃಷ್ಣ–ಕೌರವರ ವಾದ ಅರ್ಧಕ್ಕೆ ನಿಂತಿದ್ದರೆ ಮರುದಿನ ಕಾಲು ತಾನಾಗಿ ಹೊರಗೆ ಬರುತ್ತದೆ. ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಇದನ್ನೇ ಧ್ವನಿಪುಸ್ತಕಗಳೊಂದಿಗೆ ಪರೀಕ್ಷಿಸಿದರು. ಕುತೂಹಲ ಕೆರಳಿಸುವ ಕತೆಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಬಹುದೆಂದು ಮಾಡಿದಾಗ ಜನ ಮೊದಮೊದಲು ಹೆಚ್ಚು ಸಲ ಜಿಮ್‌ಗೆ ಬಂದರು. ನಡುವೆ ಒಂದು ಹಬ್ಬದ ರಜೆ ಬಂದು ಹೋದ ಮೇಲೆ ಆ ಲಾಭ ಕರಗಿತು. ಅಮೆರಿಕದವರನ್ನು ಒಂದು ಹಬ್ಬ ಹಾಗೆ ಮಾಡಿದರೆ, ಅಷ್ಟಮಿಯಿಂದ ದೀಪಾವಳಿಯವರೆಗೆ ಸಾಲುಸಾಲು ಹಬ್ಬವಿರುವ ನಮ್ಮ ಗತಿ ಏನು ಎಂಬುದಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 5: ಮಳೆಗಾಲಕ್ಕೆ ಬೇರೆಯೇ ಪಾಠ

ಹೊರಗಿನಿಂದ ಬರುವ ಯಾವ ಸಲಹೆಯಲ್ಲೂ ಇದು ಇರುವುದಿಲ್ಲ, ಇಲ್ಲಿ ಇದಿಲ್ಲದೆ ಯಾವುದೂ ನಿಲ್ಲುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಮ್ಮೆ ನೆನೆದ ಬೂಟು ಎರಡು ದಿನಕ್ಕೂ ಒಣಗುವುದಿಲ್ಲ. ಕೊಡೆ ಹಿಡಿದು ವೇಗವಾಗಿ ನಡೆಯಲಾಗದು. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸಿದ ದಿನ ನನ್ನ ದೊಡ್ಡಪ್ಪನ ವ್ಯಾನೂ ಇಲ್ಲ, ನಡಿಗೆಯೂ ಇಲ್ಲ.

ಈ ಊರಿನ ಕಲೆಯೇ ಇದಕ್ಕೆ ಪರಿಹಾರ ಕಂಡುಕೊಂಡಿದೆ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಬಯಲಾಟದ ರಂಗಸ್ಥಳ ಮತ್ತೆ ಏಳುವುದು ಮಳೆ ಕಳೆದ ಮೇಲೆಯೇ. ಆದರೆ ಆಟ ಪೂರ್ತಿ ನಿಲ್ಲುವುದಿಲ್ಲ. ಮಳೆಗಾಲದ ಸಂಜೆಗಳಲ್ಲಿ ಚಿಕ್ಕಮೇಳದವರು ಮನೆಮನೆಗೆ ಬರುತ್ತಾರೆ. ಭಾಗವತರು, ಚೆಂಡೆ ಮದ್ದಳೆ, ಒಂದಿಬ್ಬರು ವೇಷಧಾರಿಗಳು, ಚಾವಡಿಯಲ್ಲೇ ಪ್ರಸಂಗದ ಒಂದು ತುಣುಕು. ರಾತ್ರಿಯಿಡೀ ನಡೆಯಬೇಕಾದದ್ದು ಕೆಲವೇ ನಿಮಿಷಕ್ಕೆ ಇಳಿದಿದೆ, ತಾಳ ಮಾತ್ರ ತಪ್ಪಿಲ್ಲ.

ನಿಮ್ಮ ಅಭ್ಯಾಸಕ್ಕೂ ಅಂಥ ಒಳಾಂಗಣದ ರೂಪವೊಂದನ್ನು ಮೇ ತಿಂಗಳಲ್ಲೇ ಬರೆದಿಡಿ. ನಡಿಗೆಯ ಬದಲಿಗೆ ಜಗಲಿಯಿಂದ ಅಡುಗೆಮನೆಗೆ ಹತ್ತು ಸುತ್ತು, ಫ್ಲ್ಯಾಟಿನಲ್ಲಿದ್ದರೆ ಮೆಟ್ಟಿಲು ಎರಡು ಸಲ. ಕೊಂಡಿಯೂ ಬೇರೆ ಬೇಕು, ಏಕೆಂದರೆ ಶಾಲೆಯ ವ್ಯಾನನ್ನು ಮಳೆ ನುಂಗಬಹುದು. ಹಾಲು ಕಾಯಿಸಿ ಇಳಿಸುವುದನ್ನು ಮಳೆ ನುಂಗಲಾರದು. ‘ಮಳೆ ಬಿಟ್ಟರೆ ಹೋಗುತ್ತೇನೆ’ ಎಂಬುದನ್ನು ಯೋಜನೆ ಎಂದು ಕರೆಯಬೇಡಿ. ಜುಲೈ–ಆಗಸ್ಟ್‌ನಲ್ಲಿ ಬರುವ ತುಳುವರ ಆಟಿ ತಿಂಗಳಲ್ಲಿ ಮಳೆಯೊಂದಿಗೆ ಒಪ್ಪಂದ ಮಾಡಿಕೊಂಡು ಗೆದ್ದವರಿಲ್ಲ. ಏಪ್ರಿಲ್‌–ಮೇ ತಿಂಗಳ ಸೆಕೆಗೂ ಸ್ವಲ್ಪ ಹೊಂದಾಣಿಕೆ ಬೇಕು, ಏಳು ಗಂಟೆಯ ಮೇಲೆ ಬೆವರು ಬಿಡುವುದಿಲ್ಲ.

ಇದರಿಂದ ಇನ್ನೊಂದು ಲೆಕ್ಕವೂ ಹುಟ್ಟುತ್ತದೆ. ಹೊರಾಂಗಣದ ಅಭ್ಯಾಸವನ್ನು ದೀಪಾವಳಿಯ ಆಸುಪಾಸಿನಲ್ಲಿ ಆರಂಭಿಸಿದರೆ ಪತ್ತನಾಜೆಗೆ ಮುನ್ನ ಇನ್ನೂರು ದಿನದಷ್ಟು ಒಣ ಹವೆ ನಿಮ್ಮ ಪಾಲಿಗಿದೆ. ಲಾಲಿಯವರ 66ನ್ನು ಆರಾಮವಾಗಿ ದಾಟಬಹುದು. ಬೇಸಗೆ ರಜೆ ಮುಗಿದು ಜೂನ್ ಒಂದಕ್ಕೆ ನಡಿಗೆ ಶುರು ಮಾಡುವುದು ಹಣೆಬರಹವನ್ನು ಕೆಣಕಿದಂತೆ. ಓದು, ಹೊಲಿಗೆ, ಸಂಗೀತ, ಲೆಕ್ಕ ಬರೆಯುವುದು ಇಂಥ ಒಳಗಿನ ಕೆಲಸಗಳಿಗೆ ಆಟಿಯ ತಿಂಗಳೇ ಪ್ರಶಸ್ತ. ಆ ತಿಂಗಳಿಗೆ ಕುಳಿತು ಆಡುವ ಚೆನ್ನೆಮಣೆ ಆಟ ಹೊಂದುತ್ತಿದ್ದುದೂ ಸುಮ್ಮನೆ ಅಲ್ಲ.

ಹೆಜ್ಜೆ 6: ಪಾಸ್‌ಬುಕ್ಕು

ಮಾಡಿದ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು. ಸಹಕಾರಿ ಸಂಘದ್ದೋ ಆಭರಣದ ಅಂಗಡಿಯದ್ದೋ ಕ್ಯಾಲೆಂಡರು ಎಲ್ಲರ ಮನೆಯಲ್ಲೂ ಇದೆ, ತಿಥಿ, ಸಂಕಷ್ಟಿ, ಗ್ಯಾಸ್ ಬಂದ ದಿನಾಂಕ ನೋಡಲು ಹೇಗೂ ಕಣ್ಣು ಅಲ್ಲಿಗೆ ಹೋಗುತ್ತದೆ. ಇದಕ್ಕೆಂದೇ ಇರುವ ಮೊಬೈಲ್ ಆ್ಯಪ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಪ್ರಾಣಾಯಾಮ ಮಾಡಿದ್ದನ್ನು ದಾಖಲಿಸಲು ಮೊಬೈಲ್ ತೆರೆದವರು ಅರ್ಧ ಗಂಟೆ ರೀಲ್ಸ್ ನೋಡಿ ಏಳುವುದೇ ಹೆಚ್ಚು.

ಹೆಜ್ಜೆ 7: ತಪ್ಪಿದ ಮರುದಿನ

ಲಾಲಿಯವರ ಅಧ್ಯಯನದ ಇನ್ನೊಂದು ಅಂಶವನ್ನು ಜನ ಕಡಿಮೆ ಹೇಳುತ್ತಾರೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಗಣನೀಯ ಅಡ್ಡಿಯೇನೂ ಆಗಲಿಲ್ಲ. ವ್ರತಭಂಗವಾಯಿತು ಎಂದು ಕೈಚೆಲ್ಲುವ ನಮ್ಮ ಸ್ವಭಾವಕ್ಕೆ ಈ ಮಾತು ಮದ್ದು. ಅಭ್ಯಾಸ ವ್ರತವಲ್ಲ, ಮುರಿದರೆ ಪ್ರಾಯಶ್ಚಿತ್ತವೂ ಇಲ್ಲ.

ಆದರೆ ತಪ್ಪಿದ ದಿನಕ್ಕಿಂತ ಮರುದಿನ ಮುಖ್ಯ. ಅಂದು ಎರಡಾಣೆಯ ಗಾತ್ರಕ್ಕೇ ಇಳಿಯಿರಿ. ನಿನ್ನೆಯ ಬಾಕಿಯನ್ನೂ ಸೇರಿಸಿ ಇಮ್ಮಡಿ ಮಾಡಲು ಹೋದರೆ ಮೂರನೆಯ ದಿನವೂ ತಪ್ಪುತ್ತದೆ. ಹಬ್ಬ, ಮದುವೆ, ನೇಮೋತ್ಸವದ ಸಾಲು ಎದುರಿಗಿದ್ದರೆ ತಪ್ಪುವುದು ನಿಶ್ಚಯವೆಂದು ಮೊದಲೇ ಒಪ್ಪಿ, ಮರಳುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ‘ಚೌತಿ ಕಳೆದ ಮೇಲೆ ನೋಡೋಣ’ ಎಂದರೆ ನವರಾತ್ರಿ ಬರುತ್ತದೆ, ನವರಾತ್ರಿ ಕಳೆಯಲಿ ಎಂದರೆ ದೀಪಾವಳಿ ಕಾದಿರುತ್ತದೆ. ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬದಂಥ ದಿನಗಳ ಆರಂಭದಲ್ಲಿ ಜನ ಒಳ್ಳೆಯ ಕೆಲಸಕ್ಕೆ ಮರಳುವುದು ಹೆಚ್ಚು ಎಂದು ಸಂಶೋಧಕರು ತೋರಿಸಿದ್ದಾರೆ. ಹಬ್ಬದ ಮಾರನೆಯ ಸೋಮವಾರವನ್ನು ಅದಕ್ಕೆ ಬಳಸಿಕೊಳ್ಳಿ.

ಹೆಜ್ಜೆ 8: ಹಳೆಯದನ್ನು ಬಿಡಿಸುವುದು

ಹೊಸ ಅಭ್ಯಾಸಕ್ಕೆ ದಾರಿ ಹತ್ತಿರ ಮಾಡಿದಂತೆ ಹಳೆಯ ಕೆಟ್ಟದ್ದಕ್ಕೆ ದಾರಿ ದೂರ ಮಾಡಬೇಕು. ಕಚೇರಿಯಿಂದ ಬಸ್ಸಿಗೆ ಹೋಗುವಾಗ ಬೇಕರಿಯ ಮುಂದೆ ಕಾಲು ನಿಲ್ಲುತ್ತದೆ ಎಂದಾದರೆ ಒಂದು ನಿಲ್ದಾಣ ಹಿಂದೆ ಬಸ್ ಹತ್ತಿ. ಬಿಟ್ಟ ಜಾಗವನ್ನು ಖಾಲಿ ಇಡಬೇಡಿ. ಸಂಜೆಯ ಕರಿದ ತಿಂಡಿಯ ಹೊತ್ತಿಗೆ ಸರಿಯಾಗಿ ನೀರುಮಜ್ಜಿಗೆಯೋ ಕಷಾಯವೋ ಎದುರಿಗಿರಲಿ, ಕೈಗೆ ಹಿಡಿಯಲು ಏನಾದರೂ ಬೇಕಷ್ಟೇ. ಮದ್ಯ, ತಂಬಾಕು ಈ ಮಾರ್ಗದರ್ಶಿಯ ಅಳವಿಗೆ ಮೀರಿದವು, ಅಲ್ಲಿ ವೈದ್ಯರ ನೆರವೇ ಬೇಕು. ತಂಬಾಕು ಬಿಡಲು 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416 ಇದೆ. ಎರಡೂ ಉಚಿತ.

ಹೆಜ್ಜೆ 9: ಹೆಚ್ಚಿಸುವುದು ಯಾವಾಗ

ಮಾಡದಿದ್ದ ದಿನ ಏನೋ ಮರೆತಂತೆ ಕಸಿವಿಸಿಯಾಗತೊಡಗಿದರೆ ಅಭ್ಯಾಸ ಕೂತಿದೆ. ಆಗ ತುಸು ಏರಿಸಿ. ಬೀದಿಯ ತಿರುವಿನವರೆಗೆ ಇದ್ದದ್ದು ದೇವಸ್ಥಾನದವರೆಗೆ, ಆಮೇಲೆ ಅಜ್ಜರಕಾಡಿನ ಮೈದಾನದವರೆಗೆ. ಏರಿಸಿದ ಮೇಲೆ ತಪ್ಪುವುದು ಹೆಚ್ಚಾದರೆ ಸಂಕೋಚವಿಲ್ಲದೆ ಹಿಂದಿನ ಗಾತ್ರಕ್ಕೆ ಬನ್ನಿ. ಮೂರು ತಿಂಗಳಾದರೂ ಒಂದು ಅಭ್ಯಾಸ ನಿಮ್ಮನ್ನು ಬರಿದೇ ಹಿಂಸಿಸುತ್ತಿದ್ದರೆ ಕೊಂಡಿಯನ್ನು ಬದಲಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡಿ. ಎಲ್ಲರೂ ಬೆಳಗ್ಗೆ ನಾಲ್ಕಕ್ಕೆ ಏಳಲೇಬೇಕೆಂಬ ಶಾಸನವಿಲ್ಲ.

ಊರು ಬಿಡುವವರಿಗೆ

ಓದಿಗೆಂದು, ಕೆಲಸಕ್ಕೆಂದು ಬೆಂಗಳೂರಿಗೋ ಗಲ್ಫ್‌ಗೋ ಹೋಗುವ ಮಕ್ಕಳಿರುವ ಮನೆ ನಮ್ಮಲ್ಲಿ ಕಡಿಮೆಯೇನಿಲ್ಲ. ಇಲ್ಲಿ ವರ್ಷಾನುಗಟ್ಟಲೆ ನಡೆಸಿದ ಅಭ್ಯಾಸ ಅಲ್ಲಿ ಒಂದೇ ತಿಂಗಳಲ್ಲಿ ಮಾಯವಾಯಿತೆಂದು ಅವರು ಕೊರಗುವುದುಂಟು. ವೆಂಡಿ ವುಡ್ ಅವರ ತಂಡ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾದ ವಿದ್ಯಾರ್ಥಿಗಳ ಮೇಲೆ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ವ್ಯಾಯಾಮ, ಪತ್ರಿಕೆ ಓದುವುದು, ಟಿ.ವಿ. ನೋಡುವುದು ಇವೆಲ್ಲ ಹೊಸ ಜಾಗ ಹಳೆಯದನ್ನು ಹೋಲುತ್ತಿದ್ದಾಗ ಉಳಿದವು. ಜಾಗ ಬದಲಾದಾಗ ಹಳೆಯ ರೂಢಿಯ ಹಿಡಿತ ಸಡಿಲಿತು. ಕೆಟ್ಟದ್ದಕ್ಕೂ ಇದು ಅನ್ವಯಿಸುತ್ತದೆ, ಆದ್ದರಿಂದ ಊರು ಬದಲಿಸುವ ಹೊತ್ತು ಬೇಡದ್ದನ್ನು ಕಳಚಲು ಒಳ್ಳೆಯ ಅವಕಾಶ.

ಪಿ.ಜಿ. ಕೋಣೆಗೆ ಪೆಟ್ಟಿಗೆ ಇಳಿಸಿದ ಮೊದಲ ಸಂಜೆಯೇ ಮೂರು ವಿಷಯ ತೀರ್ಮಾನಿಸಿ. ಮೊಬೈಲ್ ಚಾರ್ಜರು ಹಾಸಿಗೆಯಿಂದ ಎಷ್ಟು ದೂರದ ಪ್ಲಗ್ಗಿಗೆ, ಬೂಟು ಬಾಗಿಲ ಯಾವ ಬದಿಗೆ, ಮತ್ತು ಬೆಳಗ್ಗೆ ಎದ್ದ ಮೇಲೆ ಕೈ ಮೊದಲು ಮುಟ್ಟುವುದು ಯಾವ ವಸ್ತುವನ್ನು. ಕೋಣೆಯ ಸಂಗಾತಿ ಬರುವ ಮೊದಲೇ ಇದು ಮುಗಿದರೆ ಒಳ್ಳೆಯದು, ಆಮೇಲೆ ಪ್ಲಗ್ಗಿಗೆ ಜಗಳ.